ಮನೆಮಾತು ಬಂದ್

"ಅಮ್ಮಾ, ನೀರು," ಎಂದಳು ಪುಟ್ಟಿ.

ಊಟಕ್ಕೆ ಕೂತ ಮೂವರಿಗೂ ಅದು ಸ್ಪಷ್ಟವಾಗಿ ಕೇಳಿಸಿತು. ಆದರೆ ಯಾರೂ ತಲೆ ಎತ್ತಲಿಲ್ಲ. ತಾಯಿಯ ಕೈಯಲ್ಲೇ ನೀರಿನ ಲೋಟವಿತ್ತು. ಮಗು ಹಣೆ ಗಂಟಿಕ್ಕಿ, ಕಾಲು ಕುಣಿಸಿ, ಕೊನೆಗೆ ತಾವು ಹೋಗಲಿದ್ದ ದೇಶದ ಮಾತಿನಲ್ಲಿ ನೀರನ್ನೂ 'ದಯವಿಟ್ಟು' ಅನ್ನುವುದನ್ನೂ ಜೋಡಿಸಿ ಹೇಳಿದ ಮೇಲೆ ಗಂಡ ಸಣ್ಣಗೆ ತಲೆಯಾಡಿಸಿದ. ಆಗ ಲೋಟ ಮುಂದೆ ಹೋಯಿತು. ಅದನ್ನು ಮಗುವಿಗೆ ಕೊಡುವ ಬದಲು ಅವನ ತಲೆಗೇ ಎತ್ತಿ ಕುಕ್ಕಿಬಿಡಬೇಕು ಅನ್ನಿಸಿತು ಅವಳಿಗೆ. ಕುಕ್ಕಲಿಲ್ಲ. ತನ್ನ ಮೇಲೇ ಅಸಹ್ಯವಾಯಿತು.

ಗಂಡ ಲಿಫ್ಟ್ ಮೆಕ್ಯಾನಿಕ್. ಹೊರದೇಶದ ಕಂಪನಿಯೊಂದು ಅವನನ್ನು ಸಂಸಾರ ಸಮೇತ ಕರೆಸಿಕೊಳ್ಳುತ್ತಿತ್ತು. ಕೆಲಸ ಸಿಕ್ಕ ದಿನದಿಂದ ಅವನ ತಲೆಗೆ ಒಂದೇ ಹುಳ ಹೊಕ್ಕಿತ್ತು: ಹೋಗುವಷ್ಟರಲ್ಲಿ ಎಲ್ಲರಿಗೂ ಅಲ್ಲಿಯ ಮಾತು ಬರಬೇಕು. ಅದಕ್ಕೆ ಕಾನೂನು ಮಾಡಿದ. ಸಂಜೆ ಅವನು ಬಂದು ಬೂಟು ಬಿಚ್ಚಿದನೆಂದರೆ ಮನೆಮಾತು ಬಂದ್. ಮರೆತು ಆಡಿದವರಿಗೆ ಯಾರೂ ಉತ್ತರ ಕೊಡಕೂಡದು. ಅತ್ತೆ ಕಲಿತದ್ದು 'ಹೌದು', 'ಕ್ಷಮಿಸಿ' ಎರಡೇ ಮಾತು. ಸಾರು ಬಡಿಸಿದರೂ ಕ್ಷಮಿಸಿ, ಸೀನು ಬಂದರೂ ಹೌದು. ಮೊದಮೊದಲು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮುದುಕಿ ಸಂಜೆಯಾದರೆ ಬಾಯಿಯೇ ತೆರೆಯುತ್ತಿರಲಿಲ್ಲ.

ಅದೂ ಸಾಲದೆಂದು ಅವನು ಬಲೆ ಬೇರೆ ಬೀಸುತ್ತಿದ್ದ. ಇದ್ದಕ್ಕಿದ್ದಂತೆ ಮನೆಮಾತಿನಲ್ಲೇ, ಮುದ್ದು ಸುರಿಸುತ್ತ, "ಪುಟ್ಟೀ, ಐಸ್‌ಕ್ರೀಮ್ ಬೇಕೇನೇ?" ಅನ್ನುವುದು. ಮಗು "ಬೇಕು" ಅಂದರೆ ಐಸ್‌ಕ್ರೀಮಿಗೆ ಎಳ್ಳುನೀರು. ಎರಡು ಸಲ ಮೋಸಹೋಗಿ ಅತ್ತಳು. ಮೂರನೆಯ ಸಲ ತುಟಿ ಬಿಗಿಹಿಡಿದು, ಜಾಣೆಯ ಹಾಗೆ ಬೇಡವೆಂದು ತಲೆ ಅಲ್ಲಾಡಿಸಿದಳು. ಅವನು ಅವಳನ್ನು ಹೆಗಲಿಗೇರಿಸಿಕೊಂಡು ಮನೆಯೆಲ್ಲ ಕುಣಿದ.

ಊಟ ಮುಗಿದ ಮೇಲೆ ಗಂಡ ನಡುಮನೆಯಲ್ಲಿ ಪ್ರಯಾಣಕ್ಕೆ ಕಟ್ಟಿದ ಪಾತ್ರೆಯ ದೊಡ್ಡ ಪೆಟ್ಟಿಗೆಯನ್ನು ಕೋಣೆಯ ಬಾಗಿಲ ಕಡೆಗೆ ದೂಡಿ, ಅದಕ್ಕೆ ಬೆನ್ನುಹಾಕಿ ಕೂತು, ಪರ್ರನೆ ಟೇಪು ಎಳೆದು ಇನ್ನೊಂದಕ್ಕೆ ಸುತ್ತತೊಡಗಿದ. ಅವಳು ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಪುಟ್ಟಿ ಬಾಗಿಲ ಪಕ್ಕ ಗೋಡೆಗಂಟಿಕೊಂಡು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಏನು ಆಟವೋ ಎಂದು ಬಗ್ಗಿದರೆ, ಅಲ್ಲಿಯ ಮಾತಿನಲ್ಲಿ, ಪಿಸುದನಿಯಲ್ಲಿ, "ಬಾಗಿಲು... ದಯವಿಟ್ಟು... ಬಾಗಿಲು... ದಯವಿಟ್ಟು..."

ಪೆಟ್ಟಿಗೆ ಒತ್ತಿ ನಿಂತ ಬಾಗಿಲ ಸಂದಿಯಲ್ಲಿ ಮಗುವಿನ ಬೆರಳುಗಳಿದ್ದವು.

ಪೆಟ್ಟಿಗೆಗೆ ಅವಳು ಒದ್ದ ರಭಸಕ್ಕೆ ಒಳಗಿನ ಪಾತ್ರೆಗಳು ಗಲಗಲ ಅಂದವು. ಬೆರಳುಗಳು ಈಚೆ ಬಂದವು, ನೀಲಿಗಟ್ಟಿದ್ದವು.

"ಕಣ್ಣು ಕಾಣ್ಸಲ್ವಾ ನಿಮ್ಗೆ? ಎರಡು ಮಾರು ದೂರದಲ್ಲಿ ಮಗು ಸಾಯ್ತಾ ಇದೆ!"

"ಕೂಗ್ಲೇ ಇಲ್ವಲ್ಲೇ... ಕೂಗಿದ್ರೆ ನಾನು..."

"ಯಾವ ಬಾಯಲ್ಲಿ ಕೂಗ್ಬೇಕಿತ್ತು? ಬಾಯಿ ಹೊಲಿದು ಕೂರ್ಸಿದೀಯಲ್ಲ ನೀನು!" ಇಷ್ಟು ವರ್ಷದ 'ನೀವು' ಒಂದೇ ಏಟಿಗೆ ನೆಲಕ್ಕೆ ಬಿತ್ತು. "ಸಂಜೆಯಾದ್ರೆ ಮನೇನಾ ಇದು, ಜೈಲಾ? ನಿನ್ ತಾಯಿ ಮಾತಾಡಿ ಎಷ್ಟು ದಿನ ಆಯ್ತು, ಗೊತ್ತಾ?"

ಅವನಿಗೂ ರೇಗಿತು. "ನನಗೇನು ಚಟಾನಾ ಇದು? ಲಿಫ್ಟಿನ ಕೆಳಗಿನ ಹೊಂಡದೊಳಗೆ ನಾನು ಇಳಿದಿರ್ತೀನಿ. ಮೇಲಿಂದ ಯಾವನೋ ಕೂಗ್ತಾನೆ. ಪಕ್ಕಕ್ಕೆ ಸರಿ ಅಂದನಾ, ಅಲ್ಲೇ ನಿಲ್ಲು ಅಂದನಾ ಅಂತ ಒಂದು ಕ್ಷಣ ಯೋಚಿಸಿದ್ರೆ ಅಪ್ಪಚ್ಚಿ ಆಗ್ತೀನಿ. ನಿಮಗೂ ಅಲ್ಲಿ ಹಾಗೆ ಆಗ್ಬಾರ್ದು ಅಂತಾನೇ..."

"ಅಲ್ಲಿ ಆಗ್ಬಾರ್ದು ಅಂತ ಇಲ್ಲೇ ಮಾಡ್ಬಿಟ್ಯಲ್ಲ!"

ಅವನು ಹೆದರಿಕೆಯಿಂದ ಮಾಡಿದ್ದೆಂದು ಅವಳಿಗೂ ಗೊತ್ತಾಯಿತು, ಗೊತ್ತಾಗಿ ಸಿಟ್ಟು ಇನ್ನೂ ಹೆಚ್ಚಿತು.

ಮೂಲೆಯಲ್ಲಿದ್ದ ಅತ್ತೆ ಕೋಲು ಊರಿಕೊಂಡು ಎದ್ದು ಬಂದರು. ಮೊಮ್ಮಗಳ ಕೈ ಹಿಡಿದು ನೋಡಿ, ಮಗನ ಕಡೆ ತಿರುಗಿ, ತಮ್ಮ ಮಾತಿನಲ್ಲೇ, "ಥೂ ನಿನ್ನ! ಐಸ್ ತಗೊಂಡು ಬಾರೋ," ಎಂದರು.

ಅವನು ಐಸು ಸುತ್ತಿದ ಬಟ್ಟೆ ತಂದು ಮಗಳ ಮುಂದೆ ಮಂಡಿಯೂರಿದ. ಬೆರಳ ಮೇಲೆ ಇಟ್ಟ. ಪುಟ್ಟಿಯ ಮೈ ಒಮ್ಮೆ ನಡುಗಿತು. ಸದ್ದು ಮಾತ್ರ ಇಲ್ಲ.

"ತುಂಬಾ ನೋಯ್ತಿದೆಯಾ ಕಂದಾ?" ಅವನು ಮನೆಮಾತಿನಲ್ಲೇ ಕೇಳಿದ. "ಅತ್ತುಬಿಡಮ್ಮ. ಜೋರಾಗಿ ಅಳು. ಅಪ್ಪ ಏನೂ ಅನ್ನಲ್ಲ."

ಪುಟ್ಟಿ ಅಪ್ಪನ ಮುಖವನ್ನು ಚೆನ್ನಾಗಿ ನೋಡಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಲೇ ಇತ್ತು. ತುಟಿ ಬಿಗಿಹಿಡಿದು, ಜಾಣೆಯ ಹಾಗೆ, ತಲೆ ಅಲ್ಲಾಡಿಸಿದಳು.