ಸೋಮವಾರದ ಕರ್ನಲ್

ಶಹಾಪುರದಲ್ಲಿ ಸಂಗಣ್ಣನ ಬೀಜ-ಗೊಬ್ಬರದ ಅಂಗಡಿ ಸೋಮವಾರ ಮುಚ್ಚಿರುತ್ತದೆ. ಅವನ ಗಿರಾಕಿಗಳು ಬಸವಣ್ಣನ ವಾರವೆಂದು ಆ ದಿನ ಎತ್ತಿನ ಹೆಗಲಿಗೆ ನೊಗ ಇಡದ ರೈತರು. ಅಂಗಡಿಗೆ ಕಂಪ್ಯೂಟರ್ ಬಂದ ವರ್ಷ ಸಂಗಣ್ಣ ಅದಕ್ಕೆ ವಿಭೂತಿ ಹಚ್ಚಿ, ಕಟ್ಟೆಯ ಮೇಲೆ ಕುಳಿತವರ ಎದುರು ಹೇಳಿದ್ದ: “ಬಸವಣ್ಣಗ ರಜಾ ಅಂದಮ್ಯಾಲ ಇದಕ್ಕೂ ರಜಾ.” ಮಾತು ಹಳ್ಳಿಗಳಿಗೆ ಹೋಯಿತು. ಸೋಮವಾರ ಯಂತ್ರಕ್ಕೂ ಬಿಡುವು ಕೊಡುವ ಸಾಹುಕಾರ ಎಂದು ಜನ ಅವನನ್ನು ಗುರುತಿಸಿದರು.

ಆದರೆ ತೆರಿಗೆ ಮತ್ತು ದಾಸ್ತಾನಿನ ಲೆಕ್ಕ ಕಾಯುವಂಥದ್ದಲ್ಲ. ಹೀಗಾಗಿ ಸೋಮವಾರ ಓಣಿ ಏಳುವ ಮೊದಲೇ ಆಪರೇಟರ್ ಭಾರತಿ ಅಂಗಡಿಯೊಳಗೆ ಹೋಗುತ್ತಿದ್ದಳು. ಸಂಗಣ್ಣ ಷಟರ್ ಎಳೆದು ಹೊರಗಿನಿಂದ ಬೀಗ ಹಾಕುತ್ತಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಓಣಿ ಖಾಲಿಯಾದಾಗ ಬಂದು ತೆಗೆಯುತ್ತಿದ್ದ. ಹಿಂಬಾಗಿಲು ಇರಲಿಲ್ಲ. ಮೇಲೆ ಒಂದು ಜಾಲರಿ, ಒಳಗೆ ಗೊಬ್ಬರದ ಚೀಲಗಳು, ಒಂದು ಫ್ಯಾನು.

ಲೆಕ್ಕದ ಕೆಲಸವನ್ನು ಭಾರತಿ ಬೇಗ ಮುಗಿಸುತ್ತಿದ್ದಳು. ಉಳಿದ ಹೊತ್ತು ಅವಳದು. ಡಿಪ್ಲೊಮಾ ಓದಿದ್ದರೂ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ತಾಯಿ ಹಣಮಂತಮ್ಮ ಭೀಮಾ ನದಿಯ ಮೀನು ತಂದು ಮಾರುತ್ತಿದ್ದಳು. ಮನೆಯ ಒಂದೇ ಕೋಣೆಯಲ್ಲಿ ಬುಟ್ಟಿಗಳೇ ಅರ್ಧ. ಮೊಬೈಲಿನಲ್ಲಿ ಪಾಠ ಓದಿಕೊಂಡು ಬಂದು, ಸೋಮವಾರ ಆ ಬೀಗದೊಳಗೆ ಭಾರತಿ ಕರ್ನಲ್ ಕಟ್ಟುತ್ತಿದ್ದಳು. ಕರ್ನಲ್ ಎಂದರೆ ಕಂಪ್ಯೂಟರಿನ ತಿರುಳು ಪ್ರೋಗ್ರಾಂ. ಕೀಬೋರ್ಡ್, ಪರದೆ, ಮೆಮೊರಿ ಎಲ್ಲವೂ ಅದರ ಹಿಡಿತದಲ್ಲಿ. ಬೇರೆ ಯಾರೋ ಬರೆದದ್ದನ್ನು ಬಳಸದೆ ತಾನೇ ಒಂದನ್ನು ಬರೆದು ನಡೆಸಬೇಕೆಂಬುದು ಅವಳ ಹಟ. ಒಂದು ಪೆನ್‌ಡ್ರೈವ್‌ನಲ್ಲಿ ಬರೆಯುತ್ತಿದ್ದಳು, ಇನ್ನೊಂದಕ್ಕೆ ಹಾಕಿ ಯಂತ್ರವನ್ನು ಅದರಿಂದ ಎಬ್ಬಿಸುತ್ತಿದ್ದಳು. ಅಂಗಡಿಯ ಡಿಸ್ಕನ್ನು ಮುಟ್ಟುತ್ತಿರಲಿಲ್ಲ.

ಸಂಗಣ್ಣನಿಗೆ ಇದು ಗೊತ್ತಿತ್ತು. “ನಿಂದೇನರ ಮಾಡಕೋ. ಆದ್ರ ಸೋಮವಾರ ಮಿಷನ್ ನಡಸ್ತೀವಿ ಅಂತ ಓಣಿಗಿ ಗೊತ್ತಾತು ಅಂದ್ರ ಅವತ್ತಿಗೇ ಮುಗೀತು ನೋಡು,” ಎಂದಿದ್ದ.

ಚಳಿಗಾಲವೆಲ್ಲ ಅವಳ ಕರ್ನಲ್ ಎದ್ದ ಕ್ಷಣವೇ ಬಿದ್ದು ಯಂತ್ರ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಪರದೆ ಕಪ್ಪಾಗುವುದು, ಕಂಪನಿಯ ಗುರುತು ಮೂಡುವುದು, ಮತ್ತೆ ಕಪ್ಪು. ಒಂದು ತಪ್ಪನ್ನು ಸಂಭಾಳಿಸಲು ಹೋಗಿ ಇನ್ನೊಂದು ತಪ್ಪು, ಅದನ್ನು ಸಂಭಾಳಿಸಲು ಹೋಗಿ ಮತ್ತೊಂದು ಆದಾಗ ಪ್ರೊಸೆಸರ್ ಕೈಚೆಲ್ಲಿ ಮರುಪ್ರಾರಂಭವಾಗುತ್ತದೆ. ಹೋಳಿ ಕಳೆದ ಮೇಲೆ ಕರ್ನಲ್ ಬೀಳದೆ ನಿಂತಿತು. ಪರದೆಯ ಮೂಲೆಯಲ್ಲಿ ಅವಳ ಹೆಸರಿನ ಮೊದಲ ಅಕ್ಷರ ನಿಂತಿತು. ಇನ್ನು ಕೀಬೋರ್ಡ್ ಒತ್ತಿದ್ದು ಕರ್ನಲ್‌ಗೆ ಕೇಳಿಸಬೇಕಿತ್ತು.

ಏಪ್ರಿಲ್‌ನ ಆ ಸೋಮವಾರ ಅವಳು ಸರಳ ಪರೀಕ್ಷೆಯೊಂದನ್ನು ಬರೆದಳು. ಕೀಬೋರ್ಡಿನ ಕೀಲಿ ಒತ್ತಿದರೆ ಯಂತ್ರದೊಳಗಿನ ಪುಟ್ಟ ಸ್ಪೀಕರ್ ಸದ್ದು ಮಾಡಬೇಕು, ಬಿಟ್ಟರೆ ನಿಲ್ಲಬೇಕು. ಸದ್ದು ಇರುವೆ ನಡೆದಷ್ಟಿರುತ್ತದೆ ಎಂದುಕೊಂಡಿದ್ದಳು.

ಒತ್ತಿದಳು. ತಗಡಿನ ಪೆಟ್ಟಿಗೆಯಿಂದ ಚೂಪಾದ ಸದ್ದು ಹೊರಟಿತು. ಬೆರಳು ತೆಗೆದಳು. ಸದ್ದು ನಿಲ್ಲಲಿಲ್ಲ. ಬೇರೆ ಕೀಲಿಗಳನ್ನು ಒತ್ತಿದಳು, ಬಿಟ್ಟಳು. ಇಡೀ ಅಂಗಡಿ ಒಂದೇ ಸ್ವರದಲ್ಲಿ ಕಿರುಚುತ್ತಿತ್ತು. ಪೆಟ್ಟಿಗೆಯ ಬಟನ್ ಎಂದೋ ಕೆಟ್ಟಿತ್ತು, ಯಂತ್ರಕ್ಕೂ ಫ್ಯಾನಿಗೂ ಗೋಡೆಯ ಒಂದೇ ಸ್ವಿಚ್. ಅದು ಯೂರಿಯಾ ಚೀಲಗಳ ಹಿಂದೆ. ಚೀಲ ಹತ್ತಿ ಕೈ ಚಾಚಿ ಅದನ್ನು ಆರಿಸುವಷ್ಟರಲ್ಲಿ ಹೊರಗೆ ಮಾತು ಕೇಳಿಸಿತು.

“ಏನ್ ಸಪ್ಪಳ ಅದು?” ಎದುರಿನ ಬಳೆ ಅಂಗಡಿಯ ಜೈತುನಬೀ.

“ಒಳಗ ಏನೋ ಒದರ್ತು ನೋಡ್ರಿ,” ಎಂದಿತು ಒಂದು ಗಂಡುದನಿ. ಭಾರತಿಗೆ ಗುರುತು ಸಿಕ್ಕಿತು: ಕಕ್ಕೇರಾದ ಅಂಬ್ರಪ್ಪ. ಪ್ರತಿ ವರ್ಷ ಹತ್ತಿ ಬೀಜಕ್ಕೆ ಬರುವವನು. “ನಾ ಸೋಮಾರ ಅನ್ನೂದು ಮರತೇ ಬಸ್ ಹತ್ತಿ ಬಂದೀನಿ. ಕಟ್ಟಿಮ್ಯಾಲ ಕುಂತೀನಿ, ಬೆನ್ನಿಂದೇ ಕುಂಯ್ ಅಂತು.”

“ಕಳ್ಳ ಹೊಕ್ಕಾನೇನು?”

“ಕಳ್ಳ ಪೀಪಿ ಊದ್ತಾನೇನ್ ಬೀಬಿ?”

ಓಣಿ ನಕ್ಕಿತು. ಯಾರೋ ಷಟರಿಗೆ ಬಡಿದರು. ತಗಡು ಅವಳ ಮುಖದ ಮುಂದೆಯೇ ನಡುಗಿತು. ಭಾರತಿ ಚೀಲದ ಮೇಲೆ ಉಸಿರು ಹಿಡಿದು ಕುಳಿತಳು. ಫ್ಯಾನು ಕೂಡ ಆರಿತ್ತು. ಗೊಬ್ಬರದ ಘಾಟು ಕಣ್ಣಿಗೆ ಬಂತು.

ಸಂಗಣ್ಣನ ದನಿ ಕೇಳಿದಾಗ ಅವಳಿಗೆ ತುಸು ಸಮಾಧಾನವಾಯಿತು. ಆದರೆ ಅವನು ಬೀಗಕ್ಕೆ ಕೈ ಹಾಕಲಿಲ್ಲ.

“ಇಲಿ ಇರಬೇಕು,” ಎಂದ.

“ಇಲಿ ಹಂಗ ಒದರಂಗಿಲ್ಲ ಸಂಗಣ್ಣ,” ಎಂದ ಅಂಬ್ರಪ್ಪ. “ತೆಗದು ನೋಡೇ ಬಿಡು. ಬೀಜ ಹಾಳ ಮಾಡೀತು.”

“ಸೋಮಾರ ಅಂಗಡಿ ತೆಗ್ಯಂಗಿಲ್ಲ ನಾ. ಗೊತ್ತದಲ್ಲ ನಿನಗ.”

“ಹೌದಪ್ಪ, ಅದೂ ಖರೇನೇ. ಹಂಗಂದ್ರ ಇಲ್ಲೇ ಕುಂದರ್ತೀನಿ. ನಂಗೂ ಸಂಜಿತನ ಬಸ್ ಇಲ್ಲ. ಕಾವಲಿ ಆದಂಗಾತು.”

ಭಾರತಿಯ ಮೊಬೈಲಿನಲ್ಲಿ ಸದ್ದಿಲ್ಲದೆ ಸಂಗಣ್ಣನ ಸಂದೇಶ ಬಂತು. ‘ಸುಮ್ಮನ ಕೂಡು. ಇಂವ ಹೋದಮ್ಯಾಲ ತೆಗಿತೀನಿ.’

‘ನೀರು ಮುಗದಾವ್ರಿ’ ಎಂದು ಬರೆದಳು.

‘ಸ್ವಲ್ಪ ತಡ್ಕೋ ಯವ್ವಾ. ಇಲ್ಲಾಂದ್ರ ಇಬ್ಬರದೂ ಹೋಗ್ತದ.’

ಅವನು ಹೇಳಿದ್ದು ಸುಳ್ಳಲ್ಲ. ಅವನ ಹೆಸರು ಹೋಗುತ್ತದೆ, ಅವಳ ಸೋಮವಾರ ಹೋಗುತ್ತದೆ. ಸಂಜೆಯವರೆಗೆ ಕುಳಿತರೆ ಎರಡೂ ಉಳಿಯುತ್ತವೆ. ಕುಳಿತಳು. ತಗಡು ಬಿಸಿಲಿಗೆ ಕಾದು ಚಟಚಟ ಎನ್ನತೊಡಗಿತು. ಕುಪ್ಪಸ ಬೆನ್ನಿಗೆ ಅಂಟಿತು. ಕಟ್ಟೆಯ ಮೇಲೆ ಅಂಬ್ರಪ್ಪ ಜೈತುನಬೀಗೆ ಮಗಳ ಮನೆಯ ಎಮ್ಮೆಯ ಕಥೆ ಹೇಳುತ್ತಿದ್ದ. ಅವನ ಬೆನ್ನಿಗೂ ಅವಳಿಗೂ ನಡುವೆ ಒಂದು ತಗಡು.

ಮಾಡಲು ಬೇರೆ ಕೆಲಸವಿಲ್ಲದೆ ತಪ್ಪನ್ನು ಯೋಚಿಸಿದಳು. ಮೊದಲ ಕೀಲಿ ಕೇಳಿಸಿತ್ತು, ಆಮೇಲಿನ ಒಂದೂ ಕೇಳಿಸಲಿಲ್ಲ. ಕೀಲಿ ಒತ್ತಿದ್ದು ಒಂದು ಸುದ್ದಿ, ಬಿಟ್ಟದ್ದು ಇನ್ನೊಂದು. ಈ ಸುದ್ದಿಗಳನ್ನು ಪ್ರೊಸೆಸರಿಗೆ ಮುಟ್ಟಿಸಲು ನಡುವೆ ಒಂದು ಚಿಪ್ ಇರುತ್ತದೆ. ಒಂದು ಸುದ್ದಿ ಕೊಟ್ಟ ಮೇಲೆ, ಕೆಲಸ ಮುಗಿಯಿತೆಂದು ಕರ್ನಲ್ ತಿರುಗಿ ಹೇಳುವ ತನಕ ಅದು ಮುಂದಿನದನ್ನು ತಡೆದಿಡುತ್ತದೆ. ಅವಳು ಅದನ್ನು ಹೇಳಿರಲಿಲ್ಲ. ಬಿಟ್ಟ ಸುದ್ದಿ ಆ ಚಿಪ್ಪಿನಲ್ಲೇ ನಿಂತಿತ್ತು.

ಬರೆಯಬೇಕಾದದ್ದು ಒಂದೇ ಸಾಲು.

ಅವಳು ಸ್ವಿಚ್ ಹಾಕಿ, ಫ್ಯಾನಿನ ಗಾಳಿಯಲ್ಲಿ ಆ ಸಾಲು ಬರೆದು, ಪೆನ್‌ಡ್ರೈವ್‌ಗೆ ಹಾಕಿ ಯಂತ್ರವನ್ನು ಎಬ್ಬಿಸಿದಳು. ಮೂಲೆಯಲ್ಲಿ ಅಕ್ಷರ ಮೂಡಿತು. ಕೀಬೋರ್ಡಿನ ಮೇಲೆ ಕೈ ಇಟ್ಟು ಸುಮ್ಮನೆ ಕುಳಿತಳು. ಮುಂದಿನ ಸೋಮವಾರ ಸದ್ದಿನ ಬದಲು ಅಕ್ಷರ ಮೂಡಿಸುವ ಹೊಸ ಪರೀಕ್ಷೆ ಬರೆದು ನೋಡಬಹುದು. ಅದರ ಮುಂದಿನ ಸೋಮವಾರ ಇನ್ನೊಂದು. ಹೀಗೇ ಬೀಗದೊಳಗೆ, ಯಾರೋ ಎದ್ದು ಹೋಗುವುದನ್ನು ಕಾಯುತ್ತ, ಬಾಯಿ ಒಣಗಿಸಿಕೊಂಡು.

ಹೊರಗೆ ಅಂಬ್ರಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಮಲಗಿದ ಸದ್ದಾಯಿತು.

ಭಾರತಿ ಕೀಲಿ ಒತ್ತಿದಳು. ಸದ್ದು ಬಂತು. ಬಿಟ್ಟಳು. ನಿಂತಿತು. ಒತ್ತಿದಳು, ಬಂತು. ಬಿಟ್ಟಳು, ನಿಂತಿತು. ಅವಳ ಕಣ್ಣು ತುಂಬಿದ್ದವು, ಬೆರಳು ಮಾತ್ರ ನಿಲ್ಲಲಿಲ್ಲ.

“ಸಂಗಣ್ಣೋ,” ಎಂದು ಅಂಬ್ರಪ್ಪ ಕೂಗಿದ. “ನಿನ್ನ ಇಲಿ ಮಾತಾಡಾಕತ್ತದ.”

ಬೀಗ ತೆಗೆಯುವ ಸದ್ದು ಬಹಳ ಹೊತ್ತಿನ ಮೇಲೆ ಬಂತು. ಷಟರ್ ಎದ್ದಾಗ ಬಿಸಿಲು ಒಮ್ಮೆಗೇ ಒಳನುಗ್ಗಿತು. ಸಂಗಣ್ಣ, ಅಂಬ್ರಪ್ಪ, ಜೈತುನಬೀ, ಹಿಂದೆ ಇನ್ನಷ್ಟು ಜನ. ಜೈತುನಬೀ ತನ್ನ ಅಂಗಡಿಗೆ ಹೋಗಿ ಚೊಂಬಿನಲ್ಲಿ ನೀರು ತಂದಳು.

“ಹುಡುಗೀನ ಕೂಡಿಹಾಕಿದ್ದೇನ್ ಸಾವ್ಕಾರ, ಈ ಬಿಸಲಾಗ?” ಎಂದಳು.

ಅಂಬ್ರಪ್ಪ ಉರಿಯುತ್ತಿದ್ದ ಪರದೆಯನ್ನು ನೋಡಿದ, ಆಮೇಲೆ ಸಂಗಣ್ಣನನ್ನು. “ರಜಾ ಅಂದಿದ್ದಿ,” ಎಂದಷ್ಟೇ ಹೇಳಿ ಕಟ್ಟೆ ಇಳಿದು ಹೋದ.

ಸಂಗಣ್ಣ ಒಳಗೆ ಬಂದ. ಬೈಯಲಿಲ್ಲ. “ಯಾಕ ಒತ್ತಿದಿ?” ಎಂದು ಕೇಳಿದ.

“ಎರಡನೇದು ಕೇಳಸ್ತದೋ ಇಲ್ಲೋ ನೋಡಬೇಕಿತ್ರಿ.”

“ಕೇಳಸ್ತಾ?”

“ಹೌದ್ರಿ.”

ಅವನು ಚೀಲಗಳ ಮೇಲೆ ಬಗ್ಗಿ ಸ್ವಿಚ್ ಆರಿಸಿದ. ಅಕ್ಷರ ಹೋಯಿತು. “ನಾಳಿ ಬಾ, ಬಿಲ್ ಮಾಡಾಕ. ಸೋಮಾರ ಬರಬ್ಯಾಡ,” ಎಂದ.

ಭಾರತಿ ಪೆನ್‌ಡ್ರೈವ್‌ಗಳನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿದಳು. ಓಣಿಗಿಳಿದಾಗ ಜನ ದಾರಿ ಬಿಟ್ಟರು. ಸೋಮವಾರದ ಮಧ್ಯಾಹ್ನ ಇನ್ನೂ ಅರ್ಧ ಉಳಿದಿತ್ತು. ಈ ಊರಿನಲ್ಲಿ ಅದನ್ನು ಎಲ್ಲಿ ಕಳೆಯಬೇಕೆಂದು ಅವಳಿಗೆ ತಿಳಿಯಲಿಲ್ಲ. ಜೈತುನಬೀಯ ಅಂಗಡಿಯ ನೆರಳಿನಲ್ಲಿ ನಿಂತು ಚೊಂಬನ್ನು ಪೂರ್ತಿ ಖಾಲಿ ಮಾಡಿದಳು.