ಮೂರನೇ ಜ್ವರದ ಶನಿವಾರ

ಹುಳಕ್ಕೆ ಜ್ವರ ಬರುವುದೆಂದರೆ ಕಾಯಿಲೆಯಲ್ಲ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಒಂದು ದಿನ ಸುಮ್ಮನೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಬರುತ್ತದೆ. ಹುಳ ಸಾಕುವ ಹೆಂಗಸಿಗೆ ರಜಾ ಅಂತ ಇದ್ದರೆ ಅದೊಂದೇ. ಗಂಡಸರು ರಜಾ ಮಾಡಬೇಕಾದರೆ ಹುಳದ ಅಪ್ಪಣೆ ಕೇಳುವುದಿಲ್ಲ.

ಅಕ್ಕೂರಿನ ಈ ಮನೆಗೆ ನಾನು ಸೊಸೆಯಾಗಿ ಬಂದು ಹತ್ತು ವರ್ಷದ ಮೇಲಾಯಿತು. ಹುಳದ ಮನೆಯ ಕಿಟಕಿಯಿಂದ ಕೂಗುಬಂಡೆ ಬೆಟ್ಟ ಕಾಣುತ್ತದೆ. ಅದರ ನೆತ್ತಿಯಲ್ಲಿ ಬಂಡೆಗಳ ನಡುವೆ ಒಂದು ದೊಣೆ ಇದೆಯಂತೆ. ಹೆಸರಿಗೆ ದೊಣೆ, ನೋಡಿದರೆ ಸಣ್ಣ ಕೆರೆಯೇ ಅಂತೆ. ಬೇಸಿಗೆಯಲ್ಲೂ ಬತ್ತುವುದಿಲ್ಲವಂತೆ, ತಾವರೆ ಬಿಡುತ್ತದಂತೆ. ನನ್ನ ಪಾಲಿಗೆ ಎಲ್ಲವೂ ಅಂತೆಕಂತೆಯೇ. ಪ್ರತಿ ದಸರಾ ರಜೆಯಲ್ಲಿ ಮನೆಯವರೆಲ್ಲ ಬುತ್ತಿ ಕಟ್ಟಿಸಿಕೊಂಡು ಅಲ್ಲಿಗೆ ಹತ್ತಿ ಹೋಗಿ, ನೀರಾಡಿ, ಉಂಡು ಬರುತ್ತಾರೆ. ಬುತ್ತಿ ಕಟ್ಟುವವಳು ನಾನು. ಹುಳಕ್ಕೆ ಸೊಪ್ಪು ಹಾಕಲು ಉಳಿಯುವವಳೂ ನಾನೇ.

ಈ ಸಲ ಏನಾದರಾಗಲಿ, ಹೋಗಲೇಬೇಕು ಎಂದು ಹಟ ತೊಟ್ಟೆ. ಚಾಕಿ ಕೇಂದ್ರದಿಂದ ಮರಿಹುಳ ತರುವ ದಿನವನ್ನು ನಾನೇ ಆರಿಸಿದೆ. ರಜೆಯ ಎರಡನೇ ಶನಿವಾರ ಮೂರನೇ ಜ್ವರಕ್ಕೆ ಕೂರಬೇಕು, ಹಾಗೆ ಲೆಕ್ಕ ಹಾಕಿದೆ. ಅವತ್ತು ಸೊಪ್ಪು ಬೇಡ, ಹುಳದ ಮನೆಗೆ ಬೀಗ ಹಾಕಿ ಎಲ್ಲರೂ ಹೊರಡಬಹುದು.

ಮಿಕ್ಕ ಏರ್ಪಾಡನ್ನೂ ನಾನೇ ಮಾಡಿದೆ. ಸೌದೆಗೆ ಹೋಗುವ ದಾಸಮ್ಮನನ್ನು ಕೇಳಿ ದಾರಿ ತಿಳಿದುಕೊಂಡೆ. ಹುಣಸೆಮರದ ಕಡೆಯ ದಾರಿ ಹತ್ತಿರ, ಆದರೆ ಕಡಿದು. ಅತ್ತೆಯ ಮಂಡಿಗೆ ಆಗುವುದಿಲ್ಲ. ಹಿಂಬದಿಯ ದಾರಿ ಸುತ್ತು, ಆದರೆ ಸಲೀಸು. ಬಿಸಿಲಿಗೆ ಬಂಡೆ ಕಾಯುವ ಮುಂಚೆ ಹತ್ತಿಬಿಡಬೇಕು. ಬೆಟ್ಟದ ಬುಡದವರೆಗೆ ಫಕ್ರುದ್ದೀನನ ಆಟೋಗೆ ಹೇಳಿಸಿದೆ. ಆ ಕಡೆ ಆನೆ ಇಳಿದಿವೆಯಾ ಎಂದು ಕಾಡು ಕಾಯುವವರಿಗೆ ಫೋನ್ ಮಾಡಿಸಿದೆ. ನೀರು ಯಾರು ಹೊರಬೇಕು, ಬುತ್ತಿ ಯಾರು ಹೊರಬೇಕು, ಎಲ್ಲ ಹೇಳಿದೆ. ಮಗಳು ನಗಾಡಿದಳು: "ಅಮ್ಮ, ನೀನು ಒಂದ್ಸಲಾನೂ ಹೋಗಿಲ್ಲ, ದಾರಿಯೆಲ್ಲ ನಿಂಗೇ ಗೊತ್ತಲ್ಲ!"

ಗುರುವಾರ ಸಂಜೆ ನನ್ನ ಗಂಡ ಲೋಕೇಶ್ ಕೈಕಾಲು ತೊಳೆಯುತ್ತಾ, ಏನೂ ಆಗದವನ ಹಾಗೆ ಹೇಳಿದ.

"ಶನಿವಾರ ಆಗಾಕಿಲ್ಲ ಕಣಮ್ಮಿ. ಭಾನುವಾರ ಹೋಯ್ತೀವಿ."

"ಯಾಕೆ?"

"ದೇವರಾಜುಗೆ ಶನಿವಾರ ಡ್ಯೂಟಿ ಐತಂತೆ."

ದೇವರಾಜು ನನ್ನ ನಾದಿನಿ ನವ್ಯಶ್ರೀಯ ಗಂಡ. ಮಾಗಡಿ ಕಡೆಯ ಕೆಂಪಾಪುರದಿಂದ ಇಬ್ಬರೂ ಬರಬೇಕಿತ್ತು.

"ಭಾನುವಾರ ಹುಳ ಜ್ವರದಿಂದ ಏಳ್ತವೆ. ಎದ್ದಿದ್ದೇ ಹಸಿವು ಅಂತವೆ. ನಾನೆಂಗೆ ಬರ್ಲಿ?"

"ಅದ್ಕೇನ್ ಮಾಡಾದು? ಮುಂದಿನ ಸಲ ಬರೀವಂತೆ."

"ಒಂದ್ ದಿನ ನೀವೇ ಇರಿ. ನಾನ್ ಹೋಗ್ಬತ್ತೀನಿ."

"ದಾರಿ ಗೊತ್ತಿರಾನು ನಾನೊಬ್ನೇ. ನಾನಿಲ್ದೆ ಅವ್ರು ಹೆಂಗ್ ಹೋದಾರು?" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ದಾರಿ ನನಗೂ ಗೊತ್ತು ಎನ್ನುವಷ್ಟರಲ್ಲಿ ಟೀವಿ ಶುರುವಾಗಿತ್ತು.

ಶನಿವಾರ ಹುಳಗಳು ನಾನು ಹೇಳಿದ ಹಾಗೆ ಕೇಳಿದವು. ಒಂದೂ ತಪ್ಪದೆ ತಲೆ ಎತ್ತಿಕೊಂಡು ಕೂತವು. ಹುಳದ ಮನೆಯಲ್ಲಿ ಸೊಪ್ಪು ತಿನ್ನುವ ಸದ್ದೇ ಇಲ್ಲ. ಹುಳಕ್ಕಿಂತ ಹೇಳಿದ ಮಾತು ಕೇಳುವವರು ಆ ಮನೆಯಲ್ಲಿ ಯಾರೂ ಇಲ್ಲ ಅನ್ನಿಸಿತು. ನಾನು ಕಷ್ಟಪಟ್ಟು ಹೊಂದಿಸಿದ ಬಿಡುವಿನ ದಿನವೆಲ್ಲ ಪುಳಿಯೋಗರೆ ಗೊಜ್ಜು ಕುದಿಸುವುದರಲ್ಲಿ, ಚಕ್ಕುಲಿ ಒತ್ತುವುದರಲ್ಲಿ ಮುಗಿಯಿತು.

ಭಾನುವಾರ ಬೆಳಗ್ಗೆ ನವ್ಯಶ್ರೀ, ದೇವರಾಜು ಬಂದರು, ಹಿಂದೆಯೇ ಆಟೋ ಬಂತು. ನನ್ನ ಜಾಗ ಖಾಲಿ ಯಾಕೆ ಬಿಡಬೇಕೆಂದು ಅತ್ತೆ ಬೋರಮ್ಮ ಪಕ್ಕದ ಮನೆಯವಳನ್ನು ಹತ್ತಿಸಿಕೊಂಡರು. ಹೊರಡುವಾಗ ಲೋಕೇಶ್ ತಲೆ ಹೊರಗೆ ಹಾಕಿ, "ಹಿಂದ್ಗಡೆ ದಾರೀಲಿ ಹೋಗ್ಬೇಕಾ, ಹುಣಸೆಮರದ್ದಾ?" ಎಂದು ನನ್ನನ್ನೇ ಕೇಳಿದ. ದಾರಿ ಗೊತ್ತಿದ್ದ ಆಸಾಮಿ. ಹಿಂದಿನದು ಎಂದೆ. ಸುಳ್ಳು ಹೇಳಬಹುದಿತ್ತು, ಆಟೋದಲ್ಲಿ ಮಗಳಿದ್ದಳು.

ಅವರು ಬಂದದ್ದು ಹೊತ್ತು ಮುಳುಗುವಾಗ. ಹಿತ್ತಲಿನಲ್ಲಿ ಹಂಡೆ ಒಲೆಗೆ ಸೌದೆ ಒಟ್ಟಿ ನೀರು ಕಾಯಿಸಿಟ್ಟಿದ್ದೆ. ಮುದ್ದೆ, ಉಪ್ಸಾರು ಆಗಿತ್ತು. ಮಗಳು ಸ್ನಾನ ಮಾಡಿದಳು, ನವ್ಯಶ್ರೀ ಮಾಡಿದಳು, ದೇವರಾಜು ಮಾಡಿ ಬಂದು ಜಗಲಿಯಲ್ಲಿ ತಲೆ ಒರೆಸಿಕೊಳ್ಳುತ್ತಾ ಕೂತ. ಪಾಪ, ಒಳ್ಳೆಯವನು.

"ಅಕ್ಕ, ನೀವೂ ಬರ್ಬೇಕಿತ್ತು. ನೆನ್ನೆ ಇಟ್ಕಂಡಿದ್ರೆ ಇನ್ನೂ ಚೆನ್ನಾಗಿರದು. ಇವತ್ತು ಮೇಲೆ ವಿಪರೀತ ಜನ."

"ನೆನ್ನೆ ನಿಮ್ಗೆ ಡ್ಯೂಟಿ ಇತ್ತಲ್ಲ?"

"ನಂಗಾ? ನೆನ್ನೆನೂ ರಜಾನೇ ಇತ್ತು. ಭಾವನೇ ಫೋನ್ ಮಾಡಿ ಭಾನುವಾರ ಬನ್ನಿ ಅಂದ್ರು."

ನಾನು ಲೋಕೇಶನ ಮುಖ ನೋಡಿದೆ. ಅವನು ಮೊಬೈಲ್ ನೋಡಿದ. ಅತ್ತೆ ಮಂಡಿ ನೀವಿಕೊಳ್ಳುತ್ತಾ, ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು.

"ನಾನೇ ಕಣವ್ವ ಬದಲಾಯ್ಸಿದ್ದು. ಜ್ವರದ ದಿನ ಆದ್ರೆ ನೀನೂ ಹೊರಟ್ಬುಡ್ತಿದ್ದೆ. ಎಲ್ಲಾ ಹೋಗ್ಬುಟ್ರೆ, ಬೆಟ್ಟ ಇಳ್ದು ಸುಸ್ತಾಗಿ ಬಂದೋರ್ಗೆ ಬಿಸಿನೀರು ಯಾರ್ ಕಾಯ್ಸೋರು, ಮುದ್ದೆ ಯಾರ್ ಮಾಡೋರು? ಇವಾಗ ನೋಡು, ಎಷ್ಟು ಅನುಕೂಲ ಆಯ್ತು!"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವರು ನಿಜವಾಗಿಯೂ ನನ್ನನ್ನು ಹೊಗಳುತ್ತಿದ್ದರು. ಹತ್ತು ವರ್ಷ ನನ್ನನ್ನು ಕಟ್ಟಿಹಾಕಿದ್ದು ಹುಳ ಎಂದುಕೊಂಡು, ಆ ಬಡಪಾಯಿಗಳ ಮೇಲೆ ಎಷ್ಟು ಸಲ ಸಿಟ್ಟಾಗಿದ್ದೆ!

"ಶುಕ್ರವಾರ ನಾಲ್ಕನೇ ಜ್ವರಕ್ಕೆ ಕೂತ್ಕತವೆ," ಎಂದೆ. "ಅವತ್ತು ನಾನೊಬ್ಳೇ ಬೆಟ್ಟಕ್ಕೋಯ್ತೀನಿ."

ಲೋಕೇಶ್ ನಕ್ಕ. "ಒಬ್ಳೇ ಹೋಗಿ ಏನ್ ಮಾಡೀಯೆ?"

"ಹೋಗ್ಲಿ ಬುಡ್ಲಾ, ಬ್ಯಾಡ ಅಂದೋರ್ಯಾರು?" ಎಂದರು ಅತ್ತೆ, ಧಾರಾಳವಾಗಿ. "ಬೆಳಗ್ಗೆ ಒಸಿ ಬೇಗ ಎದ್ದು, ಅಡಿಗೆ ಮಾಡಿ, ನೀರಿಗೆ ಉರಿ ಹಾಕ್ಬುಟ್ಟು ಹೋಗವ್ವ."

ನಾನು ಎದ್ದು ಹಿತ್ತಲಿಗೆ ಹೋದೆ. ಹಂಡೆಗೆ ಮತ್ತೆ ತುಂಬಿದ್ದ ನೀರು ಇನ್ನೂ ಕಾದಿರಲಿಲ್ಲ. ಹಂಡೆ ಒಲೆಯಿಂದ ಉರಿಯುತ್ತಿದ್ದ ಸೌದೆಗಳನ್ನು ಒಂದೊಂದಾಗಿ ಎಳೆದು ಹೊರಗೆ ಹಾಕಿ, ಬಿಂದಿಗೆಯ ತಣ್ಣೀರು ಸುರಿದು ಪೂರ್ತಿ ಆರಿಸಿದೆ. ತಾಯಿ ಮಗನ ಸ್ನಾನ ಇನ್ನೂ ಆಗಿರಲಿಲ್ಲ.