ಹಿಪ್ಪೆ ಮರಕ್ಕೆ ಕಟ್ಟಿದ ಜೋಲಿ

ಠಾಣೆ ಶಹರದ ಪಕ್ಕದ ಕಳವಾ ಊರಿನಲ್ಲಿ ನಾವು ಕೂಲಿಗೆ ನಿಲ್ಲುವ ನಾಕಾದಲ್ಲಿ, ಅಂದರೆ ಕೂಡುರಸ್ತೆಯಲ್ಲಿ, ನನ್ನ ಮಾತನ್ನು ಯಾರೂ ನಂಬುವುದಿಲ್ಲ. ಅಂಬಾರಾಯ ಬಾಯಿ ಬಿಟ್ಟರೆ ಇಲಿ ಆನೆಯಾಗುತ್ತದೆ ಅನ್ನುತ್ತಾರೆ. ಅನ್ನಲಿ. ಇದು ಮಾತ್ರ ನಡೆದದ್ದೇ. ಸುಳ್ಳಾದರೆ ನನ್ನ ನಾಲಿಗೆ ಸೇದಿಹೋಗಲಿ.

“ಕೊಡಲಿ ಎತ್ತುದಾ ಇಲ್ವಾ, ಬೇವರ್ಸಿಗಳೇ? ಮರ ನೋಡ್ಲಿಕ್ಕೆ ಕರ್ಕೊಂಡು ಬಂದದ್ದಾ ನಿಮ್ಮನ್ನ?”

ಹೀಗಂದವನು ವಿಷ್ಣುಮೂರ್ತಿ. ಉಡುಪಿ ಕಡೆಯವನು, ವರ್ತಕ ನಗರದಲ್ಲಿ ಮನೆ. ಠಾಣೆಯ ಯೇವೂರ್ ಗುಡ್ಡದ ಕಾಡಿನಲ್ಲಿ ಯಾವನೋ ಸೇಠನ ಬಂಗಲೆಗೆ ಕದ್ದು ದಾರಿ ಮಾಡಿಸುವ ಗುತ್ತಿಗೆ ಅವನದು. ಯಾರ ಕಣ್ಣಿಗೂ ಬೀಳಬಾರದೆಂದು ನಮ್ಮನ್ನು ಟೆಂಪೋದಲ್ಲಿ ತಾಡಪಾಲಿನ ಕೆಳಗೆ ಮಲಗಿಸಿ ತಂದಿದ್ದ. ನಾವೆಲ್ಲ ಕಲಬುರಗಿ ಕಡೆಯವರು, ಊರಾಚೆಯ ಕೇರಿಯವರು.

ದಾರಿಯ ಬಾಯಿಗೇ ಒಂದು ಹಿಪ್ಪೆ ಮರ. ಅದು ಬಿದ್ದರೆ ಜೆಸಿಬಿ ಸೀದಾ ಮೇಲಿನ ವಾರ್ಲಿ ಆದಿವಾಸಿಗಳ ಪಾಡಾಕ್ಕೆ ನುಗ್ಗುತ್ತಿತ್ತು. ಪಾಡಾ ಅಂದರೆ ಉಳಿದದ್ದು ಒಂದೇ ಗುಡಿಸಲು, ಅದರಲ್ಲಿ ಬಾರ್ಕೀಬಾಯಿ ಎಂಬ ಮುದುಕಿ. ಮಿಕ್ಕವರನ್ನೆಲ್ಲ ಹೆದರಿಸಿ ಕೆಳಗಿಳಿಸಿದ್ದರು. ಅವಳ ಮಗ ಈಗ ಯಾವುದೋ ಟವರ್ ಬಿಲ್ಡಿಂಗಿನ ವಾಚ್‌ಮನ್. ಮುದುಕಿ ಮರ ತಬ್ಬಿ ಕೂತಿದ್ದಳು. ನಮ್ಮ ಪೈಕಿಯ ರೇವಣಸಿದ್ದ ಹೋಗಿ ಎತ್ತಿ ಪಕ್ಕಕ್ಕೆ ಕೂರಿಸಿ ಬಂದ. ಮೈಯಲ್ಲಿ ತೂಕವೇ ಇಲ್ಲ ಅಂದ.

ನಾನು ಕೊಡಲಿ ಎತ್ತಿದೆ. ಎತ್ತಿದ ಕೈ ಮೇಲೇ ನಿಂತಿತು. ಕೆಳಕೊಂಬೆಗೆ ಚಂದವ್ವನ ಜೋಲಿ ತೂಗುತ್ತಿತ್ತು. ಚಂದವ್ವ ರೇವಣಸಿದ್ದನ ಹೆಂಡತಿ, ಕಡಿದ ಕೊಂಬೆ ಹೊರಲು ಬಂದವಳು. ಎಲ್ಲಿ ಕೆಲಸಕ್ಕಿಳಿದರೂ ನಮ್ಮ ಹೆಂಗಸರು ಮೊದಲು ಹಳೆ ಸೀರೆ ಕಟ್ಟಿ ಕೂಸನ್ನು ಮಲಗಿಸುತ್ತಾರೆ. ಜೋಲಿ ಇರುವ ಮರಕ್ಕೆ ನಮ್ಮ ಪೈಕಿ ಯಾರೂ ಕೊಡಲಿ ಹಾಕುವುದಿಲ್ಲ.

ಕೂಸನ್ನು ಎತ್ತಿಕೊಂಡು ಹೋಗು ಎಂದು ವಿಷ್ಣುಮೂರ್ತಿ ಕೂಗಿದ. ಚಂದವ್ವ ಒಮ್ಮೆ ಮುದುಕಿಯನ್ನು ನೋಡಿದಳು. ಮುದುಕಿ ಕೆಸರಲ್ಲೇ ತೆವಳಿ ಬಂದು, ಜೋಲಿಯ ಅಂಚು ಹಿಡಿದು ತೂಗುತ್ತ ತನ್ನ ಭಾಷೆಯಲ್ಲಿ ಏನೋ ಗುನುಗುತ್ತಿದ್ದಳು.

“ಈಗರೆ ಮಲಗ್ಯಾದ್ರಿ ಸಾಹೇಬ್ರೆ. ಎಬ್ಸಂಗಿಲ್ಲ,” ಅಂದಳು ಚಂದವ್ವ.

“ನಿನ್ನ ಕೂಸಿನ ನಿದ್ದೆ ಕಾಯ್ಲಿಕ್ಕಾ ನಾನು ಕೂಲಿ ಕೊಡುದು, ರಂಡೆ?”

“ಅಷ್ಟು ಅವಸರಿದ್ರ ನೀವೇ ಬಿಚ್ರಿ. ಗಂಟು ಸಡ್ಲ ಅದ.”

ವಿಷ್ಣುಮೂರ್ತಿ ದಡದಡ ಬಂದವನು ಜೋಲಿಯ ಮುಂದೆ ನಿಂತುಬಿಟ್ಟ. ಅಂದು ಶ್ರಾವಣ ಶನಿವಾರ, ಅವನಿಗೆ ಉಪವಾಸ. ಬೇರೆ ದಿನವೂ ನಮ್ಮ ಕೊಡದ ನೀರು ಮುಟ್ಟದವನು. ಜೋಲಿಯ ತಳದಿಂದ ಉಚ್ಚೆ ತೊಟ್ಟಿಕ್ಕುತ್ತಿತ್ತು. ಜೆಸಿಬಿಯವನನ್ನು ಕರೆದ. ಅವನು ಒಳಗೆ ಕೂಸಿದೆ ಅಂದು ಬೀಡಿ ಹಚ್ಚಿದ. ರೇವಣಸಿದ್ದನನ್ನು ಕರೆದ. ಅವನು ಹೆಂಡತಿಯ ಮುಖ ನೋಡಿ ಕೊಡಲಿ ಕೆಳಗಿಟ್ಟ. ನನ್ನನ್ನು ಕರೆದ. ನನಗೆ ಲಗ್ನವಾಗಿಲ್ಲ, ಕೂಸು ಎತ್ತಲು ಬರುವುದಿಲ್ಲ ಅಂದೆ.

ಅವನು ಕೈ ಚಾಚಿದ. ಸೀರೆ ಇನ್ನೇನು ಸಿಗಬೇಕು, ಬೆರಳು ಮಡಚಿಕೊಂಡ. ಆಮೇಲೆ ನಮ್ಮ ಜಾತಿ ಹಿಡಿದು, ಹೆತ್ತವರನ್ನು ಹಿಡಿದು ಬೈದು, ಟೆಂಪೋ ಹತ್ತಿ ಹೋದ. ಕೂಲಿಯೂ ಅವನ ಜೊತೆಗೇ ಹೋಯಿತು.

ಆ ಕೂಸು ಸಂಜೆಯವರೆಗೂ ಕಣ್ಣು ಬಿಡಲಿಲ್ಲ. ಹಾಡಹಗಲಲ್ಲೇ ಚಿರತೆ ಬಂದು ಜೋಲಿ ಮೂಸಿ, ಮುದುಕಿಗೆ ತಲೆಬಾಗಿ ಹೋಯಿತು. ಇದೊಂದನ್ನು ನೀನು ನಂಬದಿದ್ದರೂ ನಡೆಯುತ್ತದೆ.

ಇಳಿಯುವಾಗ ಚಂದವ್ವ ಕೂಸನ್ನು ಎತ್ತಿಕೊಂಡಳು, ಸೀರೆ ಬಿಚ್ಚಲಿಲ್ಲ. ಬಾರ್ಕೀಬಾಯಿ ಅದರೊಳಗೆ ಒಂದು ಕಲ್ಲು ಮಲಗಿಸಿದಳು.

ಆ ಗಂಡಹೆಂಡತಿ ಕೆಲಸ ಹುಡುಕಿಕೊಂಡು ಠಾಕುರ್ಲಿಗೆ ಹೋದರು. ನನ್ನ ಪಕ್ಕ ನಿಂತರೆ ಕೂಲಿ ಸಿಗುವುದಿಲ್ಲವೆಂದು ನಾಕಾದವರು ದೂರ ನಿಲ್ಲುತ್ತಾರೆ. ಕೆಲಸವಿಲ್ಲದ ದಿನ ನಾನು ಗುಡ್ಡ ಹತ್ತುತ್ತೇನೆ. ನಾನು ಕನ್ನಡದಲ್ಲಿ ಕಥೆ ಹೊಡೆಯುತ್ತೇನೆ, ಮುದುಕಿ ವಾರ್ಲಿಯಲ್ಲಿ ಏನೋ ಅನ್ನುತ್ತಾಳೆ. ಇಬ್ಬರಿಗೂ ಒಂದಕ್ಷರ ತಿಳಿಯುವುದಿಲ್ಲ. ಅವಳ ಕೈ ಮಾತ್ರ ಕಲ್ಲನ್ನು ತೂಗುತ್ತಿರುತ್ತದೆ. ವಿಷ್ಣುಮೂರ್ತಿ ಆಮೇಲೂ ಮರ ಕಡಿಯುವವರನ್ನು ಕಳಿಸಿದ. ನಮ್ಮ ಕಡೆಯವರೇ. ಜೋಲಿ ಕಂಡು ದೂರದಿಂದಲೇ ತಿರುಗಿದರು.

ನಿನ್ನೆ ಹೋಗಿ ನೋಡಿದರೆ ಸೀರೆ ಮಳೆಗೆ ಪಿಸಿಯುತ್ತಿದೆ. ಇವತ್ತೋ ನಾಳೆಯೋ ಕಲ್ಲು ಕೆಳಗೆ ಬೀಳುತ್ತದೆ.

ಇಷ್ಟು ಹೊತ್ತು ಪುಕ್ಕಟೆ ಕೇಳಿದೆಯಲ್ಲ, ಈಗ ಮನೆಗೆ ಹೋಗಿ ಒಂದು ಸೀರೆ ತಾ. ಹರಿದದ್ದು ಬೇಡ. ಕೂಸು ಉಚ್ಚೆ ಹೊಯ್ದದ್ದಿದ್ದರೆ ಬಲು ಒಳ್ಳೆಯದು, ಒಗೆಯದೆ ಹಾಗೇ ತಾ.